ಸ್ಪ್ರೂಸ್ (ಪೈನ್‌ನಂಥ ಸೂಜಿಯೆಲೆಯ ಮರ) ಹಲಗೆಗೆ ಗೆದ್ದಲು ತಡೆಯುವ ಔಷಧ ಹಿಡಿಯಬೇಕಾದರೆ ನೆರಳಿನಲ್ಲಿ ಒಣಗಿಸಬೇಕೇ, ಮರ ಒಣಗಿಸುವ ಬಿಸಿ ಗೂಡಾದ ಕಿಲ್ನ್‌ನಲ್ಲೇ?

ತೀರ್ಥಹಳ್ಳಿಯ ಮನೆಯ ಮಾಡಿಗೆ ಆಮದು ಸ್ಪ್ರೂಸ್ ತಂದಾಗ ನಾನೂ ಇದೇ ಪ್ರಶ್ನೆ ಹೊತ್ತು ಸಾಮಿಲ್‌ಗಳನ್ನು ಸುತ್ತಿದ್ದೆ. ಕಿಲ್ನ್‌ನ ಬಿಸಿಗೆ ಮರದ ರಂಧ್ರ ಮುಚ್ಚಿಹೋಗುತ್ತದೆ, ನಿಧಾನವಾಗಿ ಒಣಗಿದರೆ ತೆರೆದೇ ಇರುತ್ತದೆ ಎಂದು ನಂಬಿದ್ದೆ. ದಿಮ್ಮಿ ಸೀಳಿಸಿದಾಗ ಮರ ಇನ್ನೂ ಹಸಿಯಿತ್ತು. ಅದನ್ನು ಬೇಸಿಗೆಯಿಡೀ ಕೊಟ್ಟಿಗೆಯಲ್ಲಿ ಒಣಗಿಸಿ, ಆಮೇಲೆ ಬೋರಾಕ್ಸ್-ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸಿದೆ. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ರೀಪುಗಳೊಳಗೆ ಗೆದ್ದಲು.

ಉಳಿದಿದ್ದ ತುಂಡೊಂದನ್ನು ಅಡ್ಡ ಕೊಯ್ದು, ಮದ್ಯಸಾರದಲ್ಲಿ ಕರಗಿಸಿದ ಅರಿಶಿನ ಸವರಿ, ಅದರ ಮೇಲೆ ಹೈಡ್ರೋಕ್ಲೋರಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲ ಬೆರೆಸಿದ ದ್ರಾವಣ ಹಚ್ಚಿದೆ. ಆ ಔಷಧದಲ್ಲಿನ ಬೋರಾನ್ ಇರುವಲ್ಲಿ ಕೆಂಪಾಗಬೇಕು. ಸುತ್ತಲಿನ ಅಂಚಿನಲ್ಲಿ ಉಗುರಿನ ದಪ್ಪದ ಕೆಂಪು, ಒಳಗೆಲ್ಲ ಹಳದಿ.

ಕಾರಣ ಬಿಸಿಯಲ್ಲ, ನೀರು. ಇಂಥ ಸೂಜಿಯೆಲೆಯ ಮರದ ಸುಮಾರು 90 ಶೇಕಡಾ ಭಾಗ ಉದ್ದನೆಯ ಕೊಳವೆಕೋಶಗಳು. ಕೋಶದಿಂದ ಕೋಶಕ್ಕೆ ದ್ರವ ದಾಟುವ ಪುಟ್ಟ ಕಿಂಡಿಗಳಿವೆ. ಪ್ರತಿ ಕಿಂಡಿಯ ನಡುವೆ ಸೂಕ್ಷ್ಮ ಎಳೆಗಳ ಬಲೆಯಲ್ಲಿ ಒಂದು ಬಿಲ್ಲೆ ತೂಗುತ್ತಿರುತ್ತದೆ. ನೀರು ಹಿಂಜರಿಯುವಾಗ ಅದರ ಮೇಲ್ಮೈ ಎಳೆತ ಬಿಲ್ಲೆಯನ್ನು ಒಂದು ಬದಿಗೆ ಜಗ್ಗಿ ಕಿಂಡಿಗೆ ಅಂಟಿಸಿಬಿಡುತ್ತದೆ. ನೆರಳಿನಲ್ಲಿ ಒಣಗಿದರೂ ಕಿಲ್ನ್‌ನಲ್ಲಿ ಒಣಗಿದರೂ ಹೋಗುವುದು ಅದೇ ನೀರು, ಆಗುವುದು ಅದೇ ಕೆಲಸ. ಪ್ರಯೋಗಾಲಯದಲ್ಲಿ ಹೆಪ್ಪುಗಟ್ಟಿಸಿ ಒಣಗಿಸಿದರೆ, ಅಥವಾ ನೀರನ್ನು ಮೊದಲು ಎಳೆತ ಕಡಿಮೆಯಿರುವ ದ್ರವದಿಂದ ಹೊರಹಾಕಿ ಒಣಗಿಸಿದರೆ ಬಹಳಷ್ಟು ಕಿಂಡಿಗಳು ತೆರೆದೇ ಉಳಿಯುತ್ತವೆ. ಮಾಡಿನ ಮರಕ್ಕೆ ಅದೆಲ್ಲ ಆಗದ ಮಾತು. ಮರದ ಬೆಳವಣಿಗೆಯ ಉಂಗುರದ ಕಪ್ಪುಭಾಗದಲ್ಲಿ ಬಲೆ ಬಿಗಿಯಾಗಿರುವುದರಿಂದ ಮಾಮೂಲಿಯಾಗಿ ಒಣಗಿದರೂ ಅಲ್ಲಿ ಒಂದಿಷ್ಟು ಕಿಂಡಿಗಳು ತೆರೆದು ಉಳಿದುಕೊಳ್ಳುತ್ತವೆ, ಅಷ್ಟೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೇಳಬೇಕಾದದ್ದು ಮರ ಯಾವುದು, ಹಸಿಯೋ ಒಣಗಿದ್ದೋ ಎಂದು. ಪೈನ್‌ನ ಹೊರಗಿನ ಬಿಳಿಮರ ಒಣಗಿದ ಮೇಲೂ ಔಷಧ ಕುಡಿಯುತ್ತದೆ, ಏಕೆಂದರೆ ಅಡ್ಡಡ್ಡ ಹಾಯುವ ಕಿರಣಕೋಶಗಳು ಅದಕ್ಕೆ ಬೇರೆ ದಾರಿ ಕೊಡುತ್ತವೆ. ಒಣಗಿದ ಸ್ಪ್ರೂಸ್‌ಗಾದರೆ ಒತ್ತಡ ಹಾಕಿ ತುಂಬಿದರೂ ಔಷಧ ಆಳಕ್ಕೆ ಇಳಿಯುವುದು ಕಷ್ಟ.

ನಿಮ್ಮ ಸ್ಪ್ರೂಸ್ ಇನ್ನೂ ಹಸಿಯಿದ್ದರೆ ಒಣಗಲು ಬಿಡಲೇಬೇಡಿ. ಸೀಳಿಸಿದ ಕೂಡಲೇ ಗಾಢವಾದ ಬೋರಾನ್ ದ್ರಾವಣದಲ್ಲಿ ಅದ್ದಿ, ಸಂದಿಲ್ಲದಂತೆ ಪೇರಿಸಿ, ಟಾರ್ಪಾಲಿನ್‌ನಿಂದ ಬಿಗಿಯಾಗಿ ಮುಚ್ಚಿ ವಾರಗಟ್ಟಲೆ ಇಡಿ. ಮರದೊಳಗಿನ ನೀರಿನಲ್ಲೇ ಬೋರಾನ್ ಹರಡುತ್ತಾ ಒಳಗಿಳಿಯುತ್ತದೆ. ಅರಿಶಿನ ಹಚ್ಚಿ ನೋಡಿ, ನಡುವಿನವರೆಗೂ ಕೆಂಪಾದ ಮೇಲೆ ಒಣಗಿಸಿ. ಆಗ ನೆರಳೋ ಕಿಲ್ನೋ ನಿಮ್ಮಿಷ್ಟ. ಆದರೆ ಹೆಂಚಿನ ಕೆಳಗೆ ಮಾತ್ರ ಬಳಸಿ. ನಮ್ಮ ಮಳೆಗೆ ನೇರವಾಗಿ ಸಿಕ್ಕಿದರೆ ಬೋರಾನ್ ತೊಳೆದುಹೋಗುತ್ತದೆ.