ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನ ಮತ್ತು ಬಿಳಿ ವಲಸಿಗರ ಸ್ನೇಹದ ಬಗ್ಗೆ ಐತಿಹಾಸಿಕ ಕಾದಂಬರಿ ಬರೆಯುತ್ತಿದ್ದೇನೆ. ಕಥೆಯನ್ನು ಯಾರ ಕಡೆಯಿಂದ ಹೇಳಲಿ?

ಹನ್ನೊಂದು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಹೊತ್ತುಕೊಂಡು ತಿರುಗುತ್ತಿದ್ದೆ. ಅದರ ಫಲ ಈಗಲೂ ನಮ್ಮ ಮನೆ ಅಟ್ಟದ ಮೇಲಿದೆ. 500 ಪ್ರತಿ, ಗೆದ್ದಲು ಹಿಡಿಯದ ಹಾಗೆ ಪ್ಲಾಸ್ಟಿಕ್ ಸುತ್ತಿಟ್ಟಿದ್ದೇನೆ.

ನಾನು ಆರಿಸಿಕೊಂಡಿದ್ದು ಅಪಾಚೆ ಮುಖಂಡ ಕೊಚೀಸ್ ಮತ್ತು ಬಿಳಿಯ ಟಾಮ್ ಜೆಫರ್ಡ್ಸ್ ಜೋಡಿಯನ್ನು. 1861ರಲ್ಲಿ ಅರಿಜೋನಾದ ಅಪಾಚೆ ಪಾಸ್‌ನಲ್ಲಿ ಬಾಸ್ಕಮ್ ಎಂಬ ಅಮೆರಿಕ ಸೈನ್ಯದ ಎಳೆಯ ಅಧಿಕಾರಿ ಮಾತುಕತೆಗೆಂದು ಕೊಚೀಸನನ್ನು ಡೇರೆಗೆ ಕರೆದು, ಒಬ್ಬ ಹುಡುಗನನ್ನು ಕದ್ದೊಯ್ದ ಆರೋಪ ಹೊರಿಸಿದ. ಕದ್ದವರು ಬೇರೆ ಗುಂಪಿನವರು. ಕೊಚೀಸ್ ಡೇರೆ ಸೀಳಿಕೊಂಡು ಪಾರಾದ, ಜತೆಗೆ ಬಂದಿದ್ದ ಮನೆಯವರು ಸಿಕ್ಕಿಬಿದ್ದರು. ಎರಡೂ ಕಡೆಯ ಒತ್ತೆಯಾಳುಗಳು ಸತ್ತರು, ಅವನ ಅಣ್ಣತಮ್ಮಂದಿರಲ್ಲೊಬ್ಬನನ್ನು ನೇಣಿಗೆ ಹಾಕಿದರು. ಆಮೇಲೆ ಹತ್ತು ವರ್ಷಕ್ಕೂ ಮೀರಿದ ಕಾಳಗ. ಅದೇ ಸೀಮೆಯಲ್ಲಿ ಟಪಾಲು ಸಾಗಿಸುವ ಉಸ್ತುವಾರಿ ಹೊತ್ತು, ತನ್ನ ಆಳುಗಳನ್ನೇ ಕಳೆದುಕೊಂಡಿದ್ದ ಜೆಫರ್ಡ್ಸ್ ಅವನಿಗೆ ಗೆಳೆಯನಾದ. ಒಬ್ಬನೇ ಕುದುರೆ ಏರಿ ಅವನ ಬೀಡಿಗೆ ಹೋದ ಅನ್ನುವ ಕಥೆಯನ್ನು ಇತಿಹಾಸಕಾರರು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಆದರೆ 1872ರಲ್ಲಿ ಜನರಲ್ ಹೊವಾರ್ಡ್‌ನನ್ನು ಡ್ರಗೂನ್ ಬೆಟ್ಟಕ್ಕೆ ಕರೆದೊಯ್ದವನು ಇವನೇ. ರಾಜಿಯಾಯಿತು, ಚಿರಿಕಾವಾ ಜನಕ್ಕೆ, ಅಂದರೆ ಕೊಚೀಸನ ಅಪಾಚೆ ಗುಂಪಿಗೆ, ಅವರದೇ ನೆಲದಲ್ಲಿ ಮೀಸಲು ಪ್ರದೇಶ ಸಿಕ್ಕಿತು, ಅದನ್ನು ನೋಡಿಕೊಳ್ಳುವ ಸರ್ಕಾರಿ ಏಜೆಂಟನಾಗಿ ಜೆಫರ್ಡ್ಸ್ ಬಂದ.

ಇಲ್ಲಿಯವರೆಗೆ ನಾನು ಸರಿಯಾಗೇ ಬರೆದಿದ್ದೆ. ಎಡವಿದ್ದು 143ನೇ ಪುಟದಲ್ಲಿ.

1874ರ ಜೂನ್, ಕೊಚೀಸ್ ತೀರಿಕೊಂಡಿದ್ದಾನೆ. ನಾನು ಇಡೀ ಬೀಡನ್ನು 'ಕೊಚೀಸ್! ಕೊಚೀಸ್!' ಅಂತ ಗೋಳಾಡಿಸಿದೆ. ಬೆಟ್ಟ ಪ್ರತಿಧ್ವನಿಸಿತು. ಅದೂ ಸಾಲದು ಅಂತ ಅವನ ಮನೆಯಲ್ಲಿ ಆಗತಾನೆ ಹುಟ್ಟಿದ ಮೊಮ್ಮಗನಿಗೆ ಅದೇ ಹೆಸರಿಟ್ಟು ಅಧ್ಯಾಯ ಮುಗಿಸಿದೆ. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಅಪಾಚೆಗಳು ಸತ್ತವರ ಹೆಸರು ಎತ್ತುವುದಿಲ್ಲ! ಎತ್ತಿದರೆ ಸತ್ತವರನ್ನು ಕರೆದ ಹಾಗೆ. ಆಗೆಲ್ಲ ಸತ್ತವರ ಸಾಮಾನು ಸುಡುತ್ತಿದ್ದರು, ಇದ್ದ ಜಾಗ ಬಿಟ್ಟು ಏಳುತ್ತಿದ್ದರು.

ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಆದರೆ ಆ ಅಧ್ಯಾಯ ಬರೆದದ್ದು ನಮ್ಮ ತಾತನ ತಿಥಿಯ ವಾರ. ಪುರೋಹಿತರು 'ತಂದೆ ಹೆಸರು? ತಾತನ ಹೆಸರು? ಮುತ್ತಾತನ ಹೆಸರು?' ಅಂತ ಕೇಳುತ್ತಿದ್ದರು, ಅಪ್ಪ ಒಂದೊಂದನ್ನೂ ಗಟ್ಟಿಯಾಗಿ ಹೇಳಿ ಎಳ್ಳುನೀರು ಬಿಡುತ್ತಿದ್ದರು. ನನಗಿರುವುದೂ ತಾತನ ಹೆಸರೇ. ನಮ್ಮಲ್ಲಿ ಸತ್ತವರಿಗೆ ಮರ್ಯಾದೆ ಅಂದರೆ ಹೆಸರು ಹೇಳುವುದು. ಆ ಮರ್ಯಾದೆಯನ್ನು ನನಗೇ ಗೊತ್ತಾಗದ ಹಾಗೆ ಅವರ ತಲೆಗೆ ಕಟ್ಟಿಬಿಟ್ಟೆ. ಮೊದಲ ಹತ್ತು ಪ್ರತಿ ಕಳಿಸಿದ್ದೆನಷ್ಟೆ, ಅರಿಜೋನಾದಲ್ಲಿ ನೆಲೆಸಿದ ಕನ್ನಡದ ಓದುಗರೊಬ್ಬರು ಒಂದೇ ಸಾಲು ಬರೆದರು: 'ಈ ಪುಟ ಅವರಿಗೆ ಬೈಗುಳವಾಗುತ್ತದೆ.' ಮಾರಾಟ ನಾನೇ ನಿಲ್ಲಿಸಿದೆ. ಹೆಂಡತಿಯ ಚೀಟಿ ದುಡ್ಡು, 38 ಸಾವಿರ. ಅದರ ಮಾತು ಈಗಲೂ ಯುಗಾದಿಗೊಮ್ಮೆ ಬರುತ್ತದೆ.

ಹಾಗಾಗಿ 'ಯಾರ ಕಡೆಯಿಂದ' ಅನ್ನುವ ಪ್ರಶ್ನೆಯನ್ನೇ ಬಿಡಿ. ಅಪಾಚೆಯ ಕಡೆಯಿಂದ ಬರೆದರೂ ಬಾಯಿ ನಿಮ್ಮದೇ ಇರುತ್ತದೆ, ನನ್ನದಿತ್ತಲ್ಲ. ಅಷ್ಟಕ್ಕೂ ಇರುವುದು ಎರಡೇ ಕಡೆ ಅಂತ ಯಾರು ಹೇಳಿದರು? 1871ರಲ್ಲಿ ಕ್ಯಾಂಪ್ ಗ್ರಾಂಟ್ ಎಂಬ ಸೈನ್ಯದ ಠಾಣೆಯ ಬಳಿ ನೂರಕ್ಕೂ ಹೆಚ್ಚು ಅಪಾಚೆಗಳನ್ನು ಕೊಂದರು, ಹೆಚ್ಚಿನವರು ಹೆಂಗಸರು, ಮಕ್ಕಳು. ಕೊಂದವರಲ್ಲಿ ಬಿಳಿಯರು ಬೆರಳೆಣಿಕೆ. ಉಳಿದವರು ಟೂಸಾನ್ ಊರಿನ ಮೆಕ್ಸಿಕನ್ನರು ಮತ್ತು ಓಧಮ್ ಬುಡಕಟ್ಟಿನವರು. ಜ್ಯೂರಿ 19 ನಿಮಿಷದಲ್ಲಿ ಎಲ್ಲರನ್ನೂ ಬಿಟ್ಟುಬಿಟ್ಟಿತು. ಇದನ್ನು ಯಾವ 'ಕಡೆ'ಗೆ ಹಾಕುತ್ತೀರಿ?

1872ರ ರಾಜಿಯಲ್ಲಿ ಕಥೆ ಮುಗಿಸಲೂಬೇಡಿ, ಅದು ಸೋಮಾರಿತನ. 1876ರಲ್ಲಿ ಆ ಮೀಸಲು ಪ್ರದೇಶವನ್ನು ರದ್ದು ಮಾಡಿದರು. 1886ರಲ್ಲಿ ಅಪಾಚೆ ಹೋರಾಟಗಾರ ಜೆರೊನಿಮೊ ಶರಣಾದ ಮೇಲೆ, ಸೈನ್ಯಕ್ಕೇ ದುಡಿದ ಚಿರಿಕಾವಾ ಬೇಹಿನವರನ್ನೂ ಸೇರಿಸಿ ರೈಲಿನಲ್ಲಿ ಫ್ಲೋರಿಡಾಕ್ಕೆ ಸಾಗಿಸಿದರು. 27 ವರ್ಷ ಯುದ್ಧಕೈದಿಗಳಾಗಿ ಇಟ್ಟರು.

ಅಷ್ಟೂ ಕಾಲ ಜೆಫರ್ಡ್ಸ್ ಬದುಕಿದ್ದ. ಗೆಳೆಯನನ್ನು ಡ್ರಗೂನ್ ಬೆಟ್ಟದಲ್ಲಿ ಎಲ್ಲಿ ಮಣ್ಣು ಮಾಡಿದರು ಅನ್ನುವುದು ಬಿಳಿಯರ ಪೈಕಿ ಅವನೊಬ್ಬನಿಗೆ ಗೊತ್ತಿತ್ತಂತೆ. 1914ರಲ್ಲಿ ಸಾಯುವವರೆಗೂ ಬಾಯಿ ಬಿಡಲಿಲ್ಲ. ನಲವತ್ತು ವರ್ಷ. ನಾನು ಊರೆಲ್ಲ ಕೂಗಿಸಿದ್ದನ್ನು ಅವನು ಬಾಯೊಳಗೇ ಇಟ್ಟುಕೊಂಡಿದ್ದ. ನನ್ನನ್ನು ಕೇಳಿದರೆ ಆ ಮುದುಕನ ಹತ್ತಿರ ಗೋರಿ ಕೇಳಿಕೊಂಡು ಬರುವ ಯಾವನೋ ಒಬ್ಬನಿಂದ ಶುರು ಮಾಡಿ.

ಅಟ್ಟದ ಮೇಲಿನ ಪ್ರತಿ ಬೇಕಿದ್ದರೆ ಅಂಚೆ ಖರ್ಚು ನನ್ನದೇ. 143ನೇ ಪುಟ ಹರಿದು ಕಳಿಸುತ್ತೇನೆ.