ಅಜ್ಜಿಯ ದನಿ ಮರೆತುಹೋಗುತ್ತಿದೆ ಎಂಬ ಭಯಕ್ಕೆ

ಅಜ್ಜಿ ತೀರಿಕೊಂಡು ಎಂಟು ತಿಂಗಳಾಯಿತು, ಅವರ ದನಿ ಸರಿಯಾಗಿ ನೆನಪಿಗೆ ಬರುತ್ತಿಲ್ಲ, ಅವರನ್ನು ಮರೆಯದೆ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ವಯಸ್ಸಾಗಿ ಹೋದವರಿಗಾಗಿ ಇಷ್ಟು ದಿನ ಅಳುವುದು ಸರಿಯೇ ಎಂದೂ ಕೇಳಿದ್ದೀರಿ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಪ್ರಶ್ನೆ ನನ್ನನ್ನೂ ಬಹಳ ಕಾಲ ಕಾಡಿದೆ.

ನನ್ನ ಅಜ್ಜಿ ಹೋದಾಗ ಸಮಾಧಾನ ಹೇಳಲು ಬಂದವರೆಲ್ಲ "ತುಂಬು ಬಾಳು ಬಾಳಿದರು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಅದನ್ನು ಮತ್ತೆ ಮತ್ತೆ ಕೇಳಿದ ಮೇಲೆ, ಅಳುವುದಕ್ಕೆ ನನಗೆ ಹಕ್ಕೇ ಇಲ್ಲವೇನೋ ಅನ್ನಿಸತೊಡಗಿತು. ಕೆಲಸದ ನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡು ಬರುತ್ತಿದ್ದೆ, ಯಾರಿಗೂ ಹೇಳುತ್ತಿರಲಿಲ್ಲ. ಸುತ್ತಲಿನವರು ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ದುಃಖದ ಬಗ್ಗೆ ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸರು 1989ರಲ್ಲೇ ಬರೆದಿದ್ದಾರೆ. ಬಹಿರಂಗವಾಗಿ ಶೋಕಿಸಲು ಎಡೆಯಿಲ್ಲದಾಗ ದುಃಖ ಇನ್ನಷ್ಟು ಭಾರವಾಗುತ್ತದೆ ಎಂಬುದು ಅವರ ಮಾತಿನ ತಿರುಳು. ಅದನ್ನು ಓದಿದ ದಿನ ನಾನು ಬಾಗಿಲು ಹಾಕಿಕೊಳ್ಳದೆ ಅತ್ತೆ. ನೀವೂ ಅಳಿ. ಅವರ ವಯಸ್ಸು ಎಷ್ಟಾಗಿದ್ದರೂ ನಿಮಗೆ ಇದ್ದವರು ಅವರೊಬ್ಬರೇ ಅಲ್ಲವೇ?

ಇನ್ನು ದನಿಯ ವಿಷಯ. ಮುಖಕ್ಕೆ ಫೋಟೋಗಳ ಆಸರೆ ಇದೆ, ದನಿಗೆ ಅಂಥದ್ದಿಲ್ಲ. ಹಳೆಯ ಮೊಬೈಲ್‌ಗಳು, ಮದುವೆಯ ವಿಡಿಯೋಗಳು, ನೆಂಟರ ವಾಟ್ಸ್‌ಆ್ಯಪ್ ಸಂದೇಶಗಳು, ಎಲ್ಲವನ್ನೂ ಈ ವಾರವೇ ಹುಡುಕಿ. ಬೇರೆ ಯಾರದೋ ವಿಡಿಯೋದಲ್ಲಿ ಹಿಂದಿನಿಂದ ಕೇಳಿಸುವ ಒಂದು ಮಾತಾದರೂ ಸಾಕು. ಸಿಕ್ಕಿದ್ದನ್ನು ಕನಿಷ್ಠ ಎರಡು ಕಡೆ ಇಡಿ. ಕೆಟ್ಟುಹೋದ ಒಂದು ಮೊಬೈಲ್‌ನೊಂದಿಗೆ ನನ್ನ ಅಜ್ಜಿಯ ಬಹಳಷ್ಟು ಮಾತು ಹೋಗಿಬಿಟ್ಟಿತು. ಈಗ ನನ್ನ ಬಳಿ ಇರುವುದು ಹನ್ನೊಂದು ಸೆಕೆಂಡ್ ಮಾತ್ರ. ಅದರಲ್ಲಿ ಅವಳು "ಕೇಳಿಸುತ್ತಿದೆಯಾ?" ಎಂದು ಮೂರು ಸಲ ಕೇಳುತ್ತಾಳೆ.

ಬಟ್ಟೆಯ ವಾಸನೆಯನ್ನೂ ನಿರ್ಲಕ್ಷಿಸಬೇಡಿ. ನೋಟ, ಶಬ್ದಗಳ ಸಂಕೇತ ಮಿದುಳಿನ ಥಾಲಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗುತ್ತದೆ. ವಾಸನೆಗೆ ಆ ಸುತ್ತುದಾರಿ ಬೇಕಿಲ್ಲ. ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳಿಗೆ ಅದರ ನಂಟು ಹೆಚ್ಚು ನೇರವಾದದ್ದು. ಮಡಿಸಿಟ್ಟ ಬಟ್ಟೆಯೊಂದನ್ನು ಬಿಚ್ಚಿದೊಡನೆ ಕರುಳು ಹಿಂಡಿದಂತಾಗುವುದು ಸುಮ್ಮನೆ ಅಲ್ಲ. ಅವರು ಉಟ್ಟಿದ್ದ ಒಂದು ಬಟ್ಟೆಯನ್ನಾದರೂ ಒಗೆಯದೆ, ಗಾಳಿಯಾಡದ ಡಬ್ಬಿಯಲ್ಲಿ ಇಡಿ.

ಆಮೇಲೆ ಬರೆಯಿರಿ. "ಅಜ್ಜಿ ತುಂಬಾ ಪ್ರೀತಿಯವರು" ಎಂದು ಬರೆದರೆ ಅದು ಯಾರ ಅಜ್ಜಿಯೂ ಆಗಬಹುದು. ನಾನು ಬರೆದ ಮೊದಲ ಪುಟ ಸೂಜಿಗಳದು. ಅಜ್ಜಿಗೆ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ, ಹೊಲಿಯುವುದು ಮಾತ್ರ ಕೈಯ ಅಂದಾಜಿನಲ್ಲೇ ನಡೆಯುತ್ತಿತ್ತು. ಓದಲು ಹೊರಡುವ ಮುನ್ನ ನಾನು ಏಳು ಸೂಜಿಗಳಿಗೆ ದಾರ ಪೋಣಿಸಿ, ಹಳೆಯ ಬಟ್ಟೆಯ ಸುರುಳಿಯೊಂದಕ್ಕೆ ಚುಚ್ಚಿಟ್ಟು ಹೋಗುತ್ತಿದ್ದೆ. ರಜೆಗೆ ಬರುವಷ್ಟರಲ್ಲಿ ಎಲ್ಲ ಖಾಲಿಯಾಗಿರುತ್ತಿದ್ದವು. ಅವಳು ಸುರುಳಿಯನ್ನು ನನ್ನ ತೊಡೆಯ ಮೇಲಿಟ್ಟು, ಬೆರಳ ತುದಿಯಿಂದ ಒಂದೊಂದೇ ಸೂಜಿ ಮುಟ್ಟಿ ಎಣಿಸುತ್ತಿದ್ದಳು. ಹಾಗೆ ಎಣಿಸುವಾಗ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಇದನ್ನು ಬರೆದ ಮೇಲೆ ಅವಳ ಬೆರಳಿನ ಒರಟುತನ, ತುಸು ಸೊಟ್ಟಗಿದ್ದ ಉಗುರು, ಎಲ್ಲ ತಾವಾಗಿಯೇ ನೆನಪಾದವು.

ನೀವು ಹುಟ್ಟುವ ಮುಂಚಿನ ಅಜ್ಜಿಯನ್ನೂ ಹುಡುಕಿ. ಅವರ ಒಡಹುಟ್ಟಿದವರು, ಜೊತೆಗೆ ಆಡಿದವರು ಇನ್ನೂ ಇದ್ದರೆ ತಡಮಾಡದೆ ಹೋಗಿ ಮಾತನಾಡಿಸಿ. ನನ್ನ ಅಜ್ಜಿಯ ತಂಗಿ ನನಗೆ ಹೇಳಿದ್ದು: ಹುಡುಗಿಯಾಗಿದ್ದಾಗ ಅಜ್ಜಿ ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಶಿಳ್ಳೆ ಹೊಡೆಯುತ್ತಿದ್ದಳಂತೆ! ಇಪ್ಪತ್ತಾರು ವರ್ಷ ಜೊತೆಗಿದ್ದ ನಾನು ಒಮ್ಮೆಯೂ ಕೇಳಿರಲಿಲ್ಲ. ತೀರಿಕೊಂಡು ಒಂದು ವರ್ಷವಾದ ಮೇಲೆ ಅವಳ ಬಗ್ಗೆ ಹೊಸದೊಂದು ಸಂಗತಿ ತಿಳಿದು, ಅವಳು ಮತ್ತೆ ಸ್ವಲ್ಪ ಹತ್ತಿರ ಬಂದಂತಾಯಿತು. ಹೋದವರಿಂದ ಮನಸ್ಸನ್ನು ಬಿಡಿಸಿಕೊಂಡರೇ ದುಃಖ ಕಳೆಯುತ್ತದೆ ಎಂಬ ಅಭಿಪ್ರಾಯ ಮನಶ್ಶಾಸ್ತ್ರದಲ್ಲಿ ಬಹಳ ಕಾಲ ಇತ್ತು. 1996ರಲ್ಲಿ ಡೆನಿಸ್ ಕ್ಲಾಸ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಅದನ್ನು ಪ್ರಶ್ನಿಸಿ, ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯುವುದು ಸಹಜ ಎಂದು ವಾದಿಸಿದರು. ನನ್ನ ಅನುಭವ ಪೂರ್ತಿಯಾಗಿ ಅವರ ಪರವಾಗಿದೆ.

ಒಂದು ಮಾತನ್ನು ಮಾತ್ರ ಗಂಭೀರವಾಗಿ ಕೇಳಿಸಿಕೊಳ್ಳಿ. ಆರು ತಿಂಗಳು ದಾಟಿದರೂ ದುಃಖ ಬಹುತೇಕ ಪ್ರತಿದಿನ ಅದೇ ತೀವ್ರತೆಯಲ್ಲಿದ್ದು, ನಿತ್ಯದ ಕೆಲಸವೇ ಆಗದಂತಿದ್ದರೆ, ಮಾನಸಿಕ ಆರೋಗ್ಯ ತಜ್ಞರನ್ನು ಕಾಣಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲೂ ಈಗ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ನಿಮ್ಮ ಪ್ರಶ್ನೆಯಲ್ಲಿ ಕಾಣುವುದು ಬಹುಶಃ ಅದಲ್ಲ, ಆದರೂ ಹೇಳದೆ ಇರಲಾರೆ.

ಅವರ ವಸ್ತುಗಳನ್ನು ಬಳಸಬಹುದೇ, ಹಾಗೇ ಇಡಬೇಕೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಅಜ್ಜಿ ಹೋದ ಮೇಲೆ ಆ ಸುರುಳಿಯನ್ನು ತೆರೆದಾಗ ಮೂರು ಸೂಜಿಗಳಲ್ಲಿ ನಾನು ಪೋಣಿಸಿದ ದಾರ ಹಾಗೇ ಇತ್ತು. ಎರಡು ವರ್ಷ ಅವನ್ನು ಮುಟ್ಟಲಿಲ್ಲ. ಕಳೆದ ತಿಂಗಳು ಅಂಗಿಯ ಗುಂಡಿ ಕಿತ್ತುಬಂದಾಗ ಒಂದನ್ನು ತೆಗೆದು ಹೊಲಿದೆ. ಇನ್ನೆರಡು ಇವೆ.