ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ.: ಅರ್ಜಿ ಎಲ್ಲಿಗೆ, ಆಯ್ಕೆ ಹೇಗೆ?

ಪ್ರಶ್ನೆ: ನಾನು ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಅಮೆರಿಕದಲ್ಲಿ ಪಿಎಚ್.ಡಿ. ಮಾಡುವ ಆಸೆಯಿದೆ. ಐಎಸ್‌ಐ ಅಥವಾ ಐಐಟಿಯಲ್ಲಿ ಓದದವರಿಗೆ ಅಲ್ಲಿ ಪ್ರವೇಶ ಸಿಗುವುದಿಲ್ಲ ಎಂದು ಸೀನಿಯರ್‌ಗಳು ಹೇಳುತ್ತಾರೆ. ಇದು ನಿಜವೇ? ರ‍್ಯಾಂಕಿಂಗ್ ಪಟ್ಟಿಯ ಮೊದಲ ಹತ್ತು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದರೆ ಸಾಕೇ?
ಓದುಗ, ದಾವಣಗೆರೆ

ಉತ್ತರ: ನಿಮ್ಮ ಸೀನಿಯರ್‌ಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ಐಎಸ್‌ಐ, ಅಂದರೆ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಪದವೀಧರರನ್ನು ಅಮೆರಿಕದ ಪ್ರವೇಶ ಸಮಿತಿಗಳು ದಶಕಗಳಿಂದ ಬಲ್ಲವು. ಆ ಪದವಿಯ ಹಿಂದೆ ಎಷ್ಟು ಗಣಿತವಿದೆ ಎಂದು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಎಂ.ಎಸ್ಸಿ. ಬಗ್ಗೆ ಅಂಥ ಪರಿಚಯ ಅವರಿಗಿಲ್ಲ. ಹಾಗಾಗಿ ನೀವು ಕಲಿತ ಗಣಿತದ ಆಳ ಎಷ್ಟೆಂಬುದನ್ನು ನಿಮ್ಮ ಅರ್ಜಿಯೇ ಅಪರಿಚಿತರಿಗೆ ಮನದಟ್ಟು ಮಾಡಿಕೊಡಬೇಕು. ಇದು ಕಷ್ಟದ ಕೆಲಸವಾದರೂ ಆಗದ ಕೆಲಸವಲ್ಲ.

ಅಲ್ಲಿನ ಪಿಎಚ್.ಡಿ.ಯ ಮೊದಲ ಒಂದೆರಡು ವರ್ಷ ಸಂಶೋಧನೆಗಿಂತ ತರಗತಿಗಳೇ ಹೆಚ್ಚು. ಮೆಷರ್ ಥಿಯರಿಯ (ಅಳತೆಯ ಕಲ್ಪನೆಯನ್ನು ಕರಾರುವಾಕ್ಕಾಗಿಸುವ ಗಣಿತ) ತಳಹದಿಯ ಮೇಲೆ ನಿಂತ ಸಂಭವನೀಯತಾ ಸಿದ್ಧಾಂತ, ಸೈದ್ಧಾಂತಿಕ ಸಂಖ್ಯಾಶಾಸ್ತ್ರ, ಲೀನಿಯರ್ ಮಾಡೆಲ್‌ಗಳು, ದತ್ತಾಂಶ ವಿಶ್ಲೇಷಣೆ ಇವೆಲ್ಲವನ್ನೂ ಓದಿ, ಸಂಶೋಧನೆಗೆ ಮುಂದುವರಿಯಲು ಪಾಸಾಗಲೇಬೇಕಾದ ಕ್ವಾಲಿಫೈಯಿಂಗ್ ಪರೀಕ್ಷೆಯನ್ನು ದಾಟಬೇಕು. ಈ ಪರೀಕ್ಷೆಯಲ್ಲಿ ವಿದ್ಯಾರ್ಥಿ ಎಡವಿದರೆ ವಿಭಾಗಕ್ಕೂ ನಷ್ಟ. ಆದ್ದರಿಂದ ಸಮಿತಿಯವರು ಅಂಕಪಟ್ಟಿಯಲ್ಲಿ ಮೊದಲು ಹುಡುಕುವುದು ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ ಮತ್ತು ಪ್ರಾಬಬಿಲಿಟಿ ವಿಷಯಗಳ ಅಂಕಗಳನ್ನೇ ಹೊರತು ಡೇಟಾ ಸೈನ್ಸ್‌ನ ಸರ್ಟಿಫಿಕೇಟುಗಳನ್ನಲ್ಲ. ನಿಮ್ಮ ಪಠ್ಯಕ್ರಮದಲ್ಲಿ ಅನಾಲಿಸಿಸ್ ತೆಳುವಾಗಿದ್ದರೆ ಈಗಲೇ ಐಐಟಿಗಳು ಮತ್ತಿತರ ಸಂಸ್ಥೆಗಳ ಆನ್‌ಲೈನ್ ಪಾಠ ಯೋಜನೆಯಾದ ಎನ್‌ಪಿಟಿಇಎಲ್‌ನ ಕೋರ್ಸಿಗೆ ಸೇರಿ ಅದರ ಪರೀಕ್ಷೆಯನ್ನೂ ಬರೆಯಿರಿ. ಓದಿದ ಗಣಿತದ ಕೋರ್ಸುಗಳನ್ನೂ ಬಳಸಿದ ಪಠ್ಯಪುಸ್ತಕಗಳನ್ನೂ ಪಟ್ಟಿ ಮಾಡಿ ಕೊಡಿ ಎಂದು ಹಲವು ವಿಭಾಗಗಳು ಕೇಳುತ್ತವೆ; ಆ ಪಟ್ಟಿಯನ್ನು ಕಾಟಾಚಾರಕ್ಕೆ ತುಂಬಬೇಡಿ. ಪಠ್ಯಪುಸ್ತಕದ ಹೆಸರನ್ನು ಓದಿದ ಪ್ರಾಧ್ಯಾಪಕರಿಗೆ ನೀವು ಎಲ್ಲಿಯವರೆಗೆ ಓದಿದ್ದೀರಿ ಎಂಬುದು ಆ ಕ್ಷಣವೇ ತಿಳಿಯುತ್ತದೆ.

ಅರ್ಜಿಯಲ್ಲಿ ಅತಿ ಹೆಚ್ಚು ತೂಕವಿರುವುದು ಮೂರು ಶಿಫಾರಸು ಪತ್ರಗಳಿಗೆ, ಮತ್ತು ನಮ್ಮ ವಿದ್ಯಾರ್ಥಿಗಳು ಸೋಲುವುದು ಬಹುಪಾಲು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಶಿಸ್ತಿನವನು, ಶ್ರಮಜೀವಿ, ವಿಧೇಯ ಎಂದು ನಾಲ್ಕು ಸಾಲು ಬರೆದು ಸಹಿ ಹಾಕುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ವಿದ್ಯಾರ್ಥಿಯೇ ಕರಡು ಬರೆದು ತಂದರೆ ಗುರುಗಳು ಸಹಿ ಮಾಡುವುದೂ ಉಂಟು. ಇಂಥ ಪತ್ರದಿಂದ ಸಮಿತಿಗೆ ತಿಳಿಯುವುದು ಏನೂ ಇಲ್ಲ. ಹಿಂದಿನ ಐದು ವರ್ಷಗಳ ವಿದ್ಯಾರ್ಥಿಗಳ ನಡುವೆ ಈತನ ಸ್ಥಾನ ಎಲ್ಲಿ, ಯಾವ ಪ್ರಮೇಯದ ಬಗ್ಗೆ ಯಾವ ಪ್ರಶ್ನೆ ಕೇಳಿದ, ಡಿಸರ್ಟೇಶನ್‌ನಲ್ಲಿ ಸ್ವಂತವಾಗಿ ಮಾಡಿದ್ದೇನು, ಸಿಕ್ಕಿಬಿದ್ದ ಕಡೆ ಹೇಗೆ ಹೊರಬಂದ ಎಂಬ ವಿವರಗಳಿರುವ ಪತ್ರ ಒಂದಿದ್ದರೂ ಅದು ಹತ್ತು ಹೊಗಳಿಕೆಗಳಿಗಿಂತ ಮೇಲು. ಗುರುಗಳ ಬಳಿಗೆ ಸೆಪ್ಟೆಂಬರ್‌ನಲ್ಲಿಯೇ ಹೋಗಿ, ನಿಮ್ಮ ಡಿಸರ್ಟೇಶನ್‌ನ ಸಾರಾಂಶವನ್ನೂ ಅವರ ತರಗತಿಯಲ್ಲಿ ನೀವು ಮಾಡಿದ ಕೆಲಸದ ಟಿಪ್ಪಣಿಯನ್ನೂ ಕೊಟ್ಟು, ಪತ್ರವನ್ನು ಅವರೇ ಬರೆಯಬೇಕೆಂದು ವಿನಯದಿಂದ ಕೇಳಿಕೊಳ್ಳಿ. ಪತ್ರ ಬರೆಯುವವರು ಪ್ರಾಂಶುಪಾಲರೋ ಕುಲಪತಿಗಳೋ ಆಗಿರಬೇಕಿಲ್ಲ. ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಕಿರಿಯ ಅಧ್ಯಾಪಕರ ಪತ್ರಕ್ಕೇ ಬೆಲೆ ಹೆಚ್ಚು.

ಉದ್ದೇಶ ಪತ್ರದಲ್ಲಿ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಬಾಲ್ಯದಿಂದಲೂ ಅಂಕಿಗಳೆಂದರೆ ಪ್ರೀತಿ ಎಂಬ ಪೀಠಿಕೆ ಬೇಡ. ನೀವು ಕೆಲಸ ಮಾಡಿದ ಒಂದು ಸಮಸ್ಯೆಯನ್ನು ನೇರವಾಗಿ ವಿವರಿಸಿ, ಅದರಲ್ಲಿ ಬಗೆಹರಿಯದೆ ಉಳಿದದ್ದು ಏನೆಂದು ಹೇಳಿ, ಆ ವಿಭಾಗದಲ್ಲಿ ಯಾರ ಸಂಶೋಧನೆ ಅದಕ್ಕೆ ಹತ್ತಿರವಿದೆ ಎಂಬುದನ್ನು ಅವರ ಲೇಖನಗಳನ್ನು ಓದಿದ ಬಳಿಕವೇ ಬರೆಯಿರಿ. ಅಮೆರಿಕದಲ್ಲಿ ಪ್ರವೇಶವನ್ನು ತೀರ್ಮಾನಿಸುವುದು ಸಮಿತಿಯಾದ್ದರಿಂದ ಪ್ರಾಧ್ಯಾಪಕರಿಗೆ ಒಬ್ಬೊಬ್ಬರಾಗಿ ಇಮೇಲ್ ಕಳುಹಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಬ್ರಿಟನ್ ಮತ್ತು ಯುರೋಪಿನ ಕ್ರಮ ಬೇರೆ; ಅಲ್ಲಿ ಮಾರ್ಗದರ್ಶಕರನ್ನು ಮೊದಲೇ ಸಂಪರ್ಕಿಸುವುದು ರೂಢಿ. ನೆದರ್‌ಲ್ಯಾಂಡ್ಸ್, ಸ್ವಿಟ್ಜರ್‌ಲ್ಯಾಂಡ್‌ನಂಥ ದೇಶಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಯೆಂದರೆ ಸಂಬಳ ಪಡೆಯುವ ಉದ್ಯೋಗಿಯೇ.

ಇನ್ನು ರ‍್ಯಾಂಕಿಂಗ್. ಯು.ಎಸ್. ನ್ಯೂಸ್ ಪ್ರಕಟಿಸುವ ಪಟ್ಟಿಯು ಇತರ ವಿಭಾಗಗಳ ಅಧ್ಯಾಪಕರು ಕೊಟ್ಟ ಅಂಕಗಳ ಮೇಲೆ ನಿಂತಿದೆ. ಅದು ಕೀರ್ತಿಯ ಅಳತೆ. ಬೇಸಿಯನ್ ವಿಧಾನಗಳಲ್ಲಿ (ಮೊದಲಿನ ಅಂದಾಜನ್ನು ಹೊಸ ದತ್ತಾಂಶದಿಂದ ತಿದ್ದಿಕೊಳ್ಳುವ ಕ್ರಮ) ಆಸಕ್ತಿಯಿದ್ದವರಿಗೆ ಡ್ಯೂಕ್ ವಿಶ್ವವಿದ್ಯಾಲಯ ಒದಗಿಸುವಂಥ ಪರಿಸರ ಬೇರೆಡೆ ಸಿಗುವುದು ಅಪರೂಪ. ಮಾದರಿ ಸಮೀಕ್ಷೆಯಲ್ಲಿ (ಸ್ಯಾಂಪಲ್ ಸರ್ವೆ) ಕೆಲಸ ಮಾಡಬೇಕೆನ್ನುವವರು 1933ರಿಂದ ಸಂಖ್ಯಾಶಾಸ್ತ್ರ ಪ್ರಯೋಗಾಲಯವನ್ನು ನಡೆಸಿಕೊಂಡು ಬಂದಿರುವ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯವನ್ನು ಬಿಟ್ಟು ಪಟ್ಟಿಯ ತುದಿಯ ಹೆಸರುಗಳನ್ನಷ್ಟೇ ಹಿಡಿದು ಕೂರುವುದು ಸರಿಯಲ್ಲ. ಚಾಪೆಲ್ ಹಿಲ್‌ನ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಮತ್ತು ಆಪರೇಶನ್ಸ್ ರಿಸರ್ಚ್ ಒಂದೇ ವಿಭಾಗದಲ್ಲಿವೆ. ನಿಮ್ಮ ಆಸಕ್ತಿ ಇನ್ನೂ ಖಚಿತವಾಗಿಲ್ಲದಿದ್ದರೆ ಉತ್ತರ ಕೆರೊಲಿನಾ ಸ್ಟೇಟ್, ಮಿಷಿಗನ್, ವಿಸ್ಕಾನ್ಸಿನ್‌ನಂಥ ದೊಡ್ಡ ವಿಭಾಗಗಳು ಒಳ್ಳೆಯವು. ಸೇರಿದ ಮೇಲೆ ದಿಕ್ಕು ಬದಲಿಸಲು ಅಲ್ಲಿ ಅವಕಾಶ ಹೆಚ್ಚು.

ಒಂದೊಂದು ಅರ್ಜಿಗೆ ಸುಮಾರು 75ರಿಂದ 125 ಡಾಲರ್ ಶುಲ್ಕವಿರುವುದರಿಂದ ಎಂಟು ಹತ್ತು ಅರ್ಜಿಗಳೆಂದರೆ, ಇಂಗ್ಲಿಷ್ ಪರೀಕ್ಷೆಯ ಖರ್ಚೂ ಸೇರಿ ಒಂದು ಲಕ್ಷ ರೂಪಾಯಿಯನ್ನು ಮುಟ್ಟಬಹುದು. ಇದು ಮಧ್ಯಮ ವರ್ಗದ ಮನೆಗೆ ಸಣ್ಣ ಮೊತ್ತವಲ್ಲ. ಆದ್ದರಿಂದ ಮೊದಲ ಹತ್ತಕ್ಕೆ ಹತ್ತೂ ಅರ್ಜಿಗಳನ್ನು ಸುರಿಯದೆ, ಎರಡು ಮೂರನ್ನು ಅಲ್ಲಿಗೂ ಉಳಿದವನ್ನು ನಿಮ್ಮ ವಿಷಯದಲ್ಲಿ ಗಟ್ಟಿಯಾಗಿರುವ ಮಧ್ಯಮ ಸ್ಥಾನದ ವಿಭಾಗಗಳಿಗೂ ಹಂಚಿರಿ. ಜಿಆರ್‌ಇ ಸಾಮಾನ್ಯ ಪರೀಕ್ಷೆಯನ್ನು ಅನೇಕ ವಿಭಾಗಗಳು ಈಗ ಕಡ್ಡಾಯ ಮಾಡಿಲ್ಲ. ಆದರೆ ಪರಿಚಯವಿಲ್ಲದ ವಿಶ್ವವಿದ್ಯಾಲಯದಿಂದ ಬರುವವರಿಗೆ ಅದರ ಗಣಿತ ವಿಷಯ ಪರೀಕ್ಷೆಯ ಒಳ್ಳೆಯ ಅಂಕ ನಿಜವಾದ ಆಸರೆ. ಹೆಚ್ಚಿನ ಕಡೆ ಕೊನೆಯ ದಿನಾಂಕ ಡಿಸೆಂಬರ್ ಮೊದಲ ವಾರದಿಂದ ಜನವರಿಯ ಮೊದಲ ಭಾಗದೊಳಗೆ ಇರುತ್ತದೆ.

ಪ್ರಶ್ನೆ: ಆರೋಗ್ಯ ಕ್ಷೇತ್ರದ ದತ್ತಾಂಶಗಳಲ್ಲಿ ನನಗೆ ಆಸಕ್ತಿ. ಸಂಖ್ಯಾಶಾಸ್ತ್ರ ವಿಭಾಗಕ್ಕೆ ಸೇರಬೇಕೇ, ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗಕ್ಕೆ ಸೇರಬೇಕೇ?
ಓದುಗರು, ಮೈಸೂರು

ಉತ್ತರ: ಹಾರ್ವರ್ಡ್, ವಾಷಿಂಗ್ಟನ್, ಮಿಷಿಗನ್‌ನಂಥ ವಿಶ್ವವಿದ್ಯಾಲಯಗಳಲ್ಲಿ ಈ ಎರಡು ವಿಭಾಗಗಳು ಬೇರೆ ಬೇರೆಯಾಗಿವೆ. ಬಯೋಸ್ಟ್ಯಾಟಿಸ್ಟಿಕ್ಸ್ ಸಾಮಾನ್ಯವಾಗಿ ಸಾರ್ವಜನಿಕ ಆರೋಗ್ಯ ಶಾಲೆಯ ಭಾಗ. ಔಷಧಿಗಳ ಕ್ಲಿನಿಕಲ್ ಟ್ರಯಲ್, ಸರ್ವೈವಲ್ ಅನಾಲಿಸಿಸ್ (ಸಾವು, ರೋಗದ ಮರುಕಳಿಕೆಯಂಥ ಘಟನೆಯವರೆಗಿನ ಕಾಲದ ವಿಶ್ಲೇಷಣೆ), ತಳಿವಿಜ್ಞಾನದ ದತ್ತಾಂಶ, ಕಾರಣ ಮತ್ತು ಪರಿಣಾಮಗಳನ್ನು ಬಿಡಿಸಿ ನೋಡುವ ವಿಧಾನಗಳು ಅಲ್ಲಿನ ದೈನಂದಿನ ಕೆಲಸ. ಅಲ್ಲಿ ಗಣಿತ ಹಗುರವೆಂದು ಭಾವಿಸಿ ಹೋಗಬೇಡಿ. ಮುಂಚೂಣಿಯ ಬಯೋಸ್ಟ್ಯಾಟಿಸ್ಟಿಕ್ಸ್ ವಿಭಾಗಗಳ ಸೈದ್ಧಾಂತಿಕ ಪರೀಕ್ಷೆಗಳು ಸಂಖ್ಯಾಶಾಸ್ತ್ರ ವಿಭಾಗಗಳದ್ದಕ್ಕಿಂತ ಸುಲಭವೇನಲ್ಲ. ವೈದ್ಯರ ಜೊತೆ ಕುಳಿತು ಅವರ ಪ್ರಶ್ನೆಯನ್ನು ಅರ್ಥಮಾಡಿಕೊಳ್ಳುವುದರಲ್ಲಿ ನಿಮಗೆ ಸಂತೋಷವಿದ್ದರೆ ಬಯೋಸ್ಟ್ಯಾಟಿಸ್ಟಿಕ್ಸ್ ನಿಮ್ಮ ಜಾಗ.

ಆದರೆ ಹಣದ ಮೂಲವೊಂದನ್ನು ತಿಳಿದಿರಬೇಕು. ಈ ವಿಭಾಗಗಳು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಅನುದಾನವನ್ನು ಬಹಳವಾಗಿ ನೆಚ್ಚಿಕೊಂಡಿವೆ, ಮತ್ತು ಆ ಸಂಸ್ಥೆಯ ತರಬೇತಿ ಅನುದಾನಗಳು ಅಮೆರಿಕದ ಪ್ರಜೆಗಳಿಗೆ ಹಾಗೂ ಕಾಯಂ ನಿವಾಸಿಗಳಿಗೆ ಮಾತ್ರ ಮೀಸಲು. ವಿದೇಶಿ ವಿದ್ಯಾರ್ಥಿಗೆ ಸಂಶೋಧನಾ ಯೋಜನೆಯಿಂದಲೋ ಬೋಧನಾ ಸಹಾಯಕನ ಕೆಲಸದಿಂದಲೋ ಹಣ ಬರಬೇಕು. 2025ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಸಂಶೋಧನಾ ಅನುದಾನಕ್ಕೆ ಕತ್ತರಿ ಬಿದ್ದಾಗ ಕೆಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರವೇಶವನ್ನೇ ಇಳಿಸಿದವು. ಪದವಿ ತರಗತಿಗಳಿಗೆ ಪಾಠ ಮಾಡುವ ಹೊಣೆ ಹೊತ್ತ ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿ ಬೋಧನಾ ಸಹಾಯಕರ ಸ್ಥಾನಗಳು ಹೆಚ್ಚು; ಅನುದಾನ ಏರುಪೇರಾದಾಗ ಅದು ಒಂದು ರಕ್ಷಣೆ. ಎರಡೂ ಬಗೆಯ ವಿಭಾಗಗಳಿಗೆ ಅರ್ಜಿ ಹಾಕಿ, ಕೈಗೆ ಬಂದ ಆಹ್ವಾನಗಳನ್ನು ನೋಡಿ ನಿರ್ಧರಿಸಿ.

ಪ್ರಶ್ನೆ: ನನಗೆ ಎರಡು ಕಡೆಯಿಂದ ಪ್ರವೇಶ ಸಿಕ್ಕಿದೆ. ಒಂದು ಬಹಳ ಹೆಸರಾದ ವಿಶ್ವವಿದ್ಯಾಲಯ. ಅಲ್ಲಿ ನನ್ನ ವಿಷಯದಲ್ಲಿ ಒಬ್ಬರೇ ಪ್ರಾಧ್ಯಾಪಕರಿದ್ದಾರೆ ಮತ್ತು ಮೊದಲ ವರ್ಷದ ಸ್ಟೈಪೆಂಡ್‌ನ ಬಗ್ಗೆ ಮಾತ್ರ ಪತ್ರದಲ್ಲಿದೆ. ಇನ್ನೊಂದು ಅಷ್ಟು ಹೆಸರಿಲ್ಲದ ಸಾರ್ವಜನಿಕ ವಿಶ್ವವಿದ್ಯಾಲಯ. ಐದು ವರ್ಷಗಳ ಭರವಸೆ ಕೊಟ್ಟಿದೆ. ಮನೆಯವರು ಮೊದಲನೆಯದನ್ನೇ ಆರಿಸು ಎನ್ನುತ್ತಾರೆ.
ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿರುವುದಷ್ಟೇ ಪೂರ್ಣ ಚಿತ್ರವಾಗಿದ್ದರೆ ನಾನು ಎರಡನೆಯದನ್ನು ಆರಿಸಲು ಹೇಳುತ್ತೇನೆ. ಮನೆಯವರಿಗೆ ವಿಶ್ವವಿದ್ಯಾಲಯದ ಹೆಸರು ಕಾಣುತ್ತದೆ, ಅದು ಸಹಜ; ಆದರೆ ನೀವು ಐದು ವರ್ಷ ಬದುಕುವುದು ಒಂದು ವಿಭಾಗದಲ್ಲಿ, ಅದರಲ್ಲೂ ಮೂರು ವರ್ಷ ಒಬ್ಬ ಮಾರ್ಗದರ್ಶಕರ ಜೊತೆ. ಆ ಒಬ್ಬ ಪ್ರಾಧ್ಯಾಪಕರು ಬೇರೆ ಕಡೆಗೆ ಹೋದರೆ, ನಿವೃತ್ತರಾದರೆ, ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದಿದ್ದರೆ, ಅಥವಾ ಇಬ್ಬರ ಸ್ವಭಾವ ಹೊಂದದಿದ್ದರೆ ನಿಮಗೆ ಅಲ್ಲಿ ದಾರಿಯೇ ಉಳಿಯುವುದಿಲ್ಲ. ಸಂತೋಷದಿಂದ ಕೆಲಸ ಮಾಡಬಲ್ಲ ಕನಿಷ್ಠ ಮೂವರು ಮಾರ್ಗದರ್ಶಕರು ಕಾಣದ ವಿಭಾಗಕ್ಕೆ ಸೇರಬಾರದು ಎಂಬುದು ನಾನು ಎಲ್ಲರಿಗೂ ಹೇಳುವ ಮಾತು.

ಹಣದ ವಿಷಯದಲ್ಲಿ ಸಂಕೋಚ ಬೇಡ. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದ ಮೇಲೆ ಹೋದವರು ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಸಂಗಾತಿ ಜೊತೆಗೆ ಹೋದರೆ ಎಫ್-2 ವೀಸಾದಲ್ಲಿ ಅವರು ಉದ್ಯೋಗ ಮಾಡುವಂತಿಲ್ಲ. ಅಂದರೆ ಸ್ಟೈಪೆಂಡ್ ಸಾಲದಿದ್ದರೆ ಅದನ್ನು ತುಂಬಿಕೊಳ್ಳಲು ಬೇರೆ ಮಾರ್ಗಗಳು ಬಹಳ ಕಡಿಮೆ. ಸ್ಟೈಪೆಂಡ್ ಒಂಬತ್ತು ತಿಂಗಳಿಗೋ ಹನ್ನೆರಡು ತಿಂಗಳಿಗೋ, ಬೇಸಿಗೆಯಲ್ಲಿ ಏನು ವ್ಯವಸ್ಥೆ, ಆರೋಗ್ಯ ವಿಮೆಯ ಕಂತನ್ನು ಯಾರು ಕಟ್ಟುತ್ತಾರೆ, ಟ್ಯೂಷನ್ ಮನ್ನಾ ಆದ ಮೇಲೂ ಉಳಿಯುವ ಇತರ ಶುಲ್ಕಗಳೆಷ್ಟು ಎಂದು ಇಬ್ಬರನ್ನೂ ಬರಹದಲ್ಲಿ ಕೇಳಿ. ಎರಡನೆಯ ವರ್ಷದಿಂದ ಮುಂದೆ ಏನು ಎಂದು ಹೆಸರಾದ ವಿಶ್ವವಿದ್ಯಾಲಯವನ್ನು ಕೇಳಿದಾಗ ಖಚಿತವಾದ ಉತ್ತರ ಬಂದರೆ ಆಗ ಮತ್ತೊಮ್ಮೆ ಯೋಚಿಸಬಹುದು. ತೃಪ್ತಿಕರ ಪ್ರಗತಿಗೆ ಒಳಪಟ್ಟು ಎಂಬ ಷರತ್ತು ಎಲ್ಲ ಪತ್ರಗಳಲ್ಲಿಯೂ ಇರುತ್ತದೆ, ಅದಕ್ಕೆ ಹೆದರಬೇಡಿ.

ಮಾರ್ಚ್‌ನಲ್ಲಿ ವಿಭಾಗಗಳು ಆಯ್ಕೆಯಾದವರನ್ನು ಭೇಟಿಗೆ ಕರೆಯುತ್ತವೆ. ದೂರದವರು ಆನ್‌ಲೈನ್‌ನಲ್ಲಿ ಸೇರಬಹುದು. ಅಲ್ಲಿ ಪ್ರಾಧ್ಯಾಪಕರಿಗಿಂತ ಮೂರನೆಯ, ನಾಲ್ಕನೆಯ ವರ್ಷದ ವಿದ್ಯಾರ್ಥಿಗಳ ಜೊತೆ ಹೆಚ್ಚು ಹೊತ್ತು ಮಾತನಾಡಿ. ಅವರ ಜೊತೆ ಸೇರಿದವರಲ್ಲಿ ಎಷ್ಟು ಮಂದಿ ಬಿಟ್ಟುಹೋದರು ಮತ್ತು ಏಕೆ, ಮಾರ್ಗದರ್ಶಕರು ಸಿಗಲು ಎಷ್ಟು ಕಾಲ ಹಿಡಿಯಿತು, ಮಾರ್ಗದರ್ಶಕರು ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ, ಕಳೆದ ಕೆಲವು ವರ್ಷಗಳಲ್ಲಿ ಪದವಿ ಪಡೆದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿ. ಅಧ್ಯಾಪನ ವೃತ್ತಿಯ ಕನಸಿದ್ದರೆ ಈ ಕೊನೆಯ ಪ್ರಶ್ನೆಯ ಉತ್ತರವನ್ನು ಹೆಸರುಹೆಸರಾಗಿ ಪರಿಶೀಲಿಸಿ, ಏಕೆಂದರೆ ದೊಡ್ಡ ವಿಶ್ವವಿದ್ಯಾಲಯದ ಹೆಸರಿಗೆ ಆ ಮಾರುಕಟ್ಟೆಯಲ್ಲಿ ನಿಜವಾಗಿಯೂ ಸ್ವಲ್ಪ ಬೆಲೆಯಿದೆ. ಕಂಪನಿಗಳಲ್ಲಿ ಕೆಲಸ ಮಾಡುವ ಉದ್ದೇಶವಿದ್ದರೆ ಅದರ ಪ್ರಭಾವ ಕಡಿಮೆ.

ಅವಸರ ಮಾಡಬೇಡಿ. ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ನಿಯಮದಂತೆ ಧನಸಹಾಯವಿರುವ ಆಹ್ವಾನಕ್ಕೆ ಏಪ್ರಿಲ್ 15ರವರೆಗೆ ಉತ್ತರಿಸಬೇಕಾದ ಒತ್ತಾಯವಿಲ್ಲ. ನಿರ್ಧಾರ ಖಚಿತವಾದ ಕೂಡಲೇ ಇನ್ನೊಂದು ಕಡೆಗೆ ನಿರಾಕರಣೆಯ ಪತ್ರ ಬರೆಯಿರಿ. ಕಾಯುವ ಪಟ್ಟಿಯಲ್ಲಿರುವ ಮತ್ತೊಬ್ಬರಿಗೆ ಆ ಸ್ಥಾನ ಹೋಗುತ್ತದೆ.

ಪ್ರಶ್ನೆ: ಸಾಲ ಮಾಡಿ ಅಮೆರಿಕದಲ್ಲಿ ಮೊದಲು ಎಂ.ಎಸ್. ಮಾಡಿದರೆ ಪಿಎಚ್.ಡಿ. ಸುಲಭವಾಗುತ್ತದೆಯೇ?
ಓದುಗರು, ಹಾಸನ

ಉತ್ತರ: ಭಾರತದ ಎಂ.ಎಸ್ಸಿ. ಇರುವವರಿಗೆ ಅದರ ಅಗತ್ಯವಿಲ್ಲ. ಅಲ್ಲಿ ಪಿಎಚ್.ಡಿ.ಗೆ ಟ್ಯೂಷನ್ ಮನ್ನಾ ಮತ್ತು ಸ್ಟೈಪೆಂಡ್ ಸಿಗುವುದು ವಾಡಿಕೆಯಾದರೆ, ಎಂ.ಎಸ್.ಗೆ ಸಾಮಾನ್ಯವಾಗಿ ಕೈಯಿಂದಲೇ ಹಣ ಕಟ್ಟಬೇಕು. ಮೂರು ವರ್ಷದ ಬಿ.ಎಸ್ಸಿ. ಮಾತ್ರ ಇರುವವರನ್ನು ಕೆಲವು ವಿಶ್ವವಿದ್ಯಾಲಯಗಳು ಒಪ್ಪದಿರುವುದು ನಿಜ. ಅಂಥವರು ಇಲ್ಲಿಯೇ ಎಂ.ಎಸ್ಸಿ. ಮುಗಿಸಿ ಹೋಗುವುದು ಲೇಸು.

ಪ್ರಶ್ನೆ: ಮನೆಯ ಪರಿಸ್ಥಿತಿಯಿಂದ ನಾನು ವಿದೇಶಕ್ಕೆ ಹೋಗಲಾರೆ. ಇಲ್ಲಿಯೇ ಪಿಎಚ್.ಡಿ. ಮಾಡಿದರೆ ಅದಕ್ಕೆ ಬೆಲೆಯಿದೆಯೇ?
ಓದುಗರು, ಧಾರವಾಡ

ಉತ್ತರ: ಖಂಡಿತ ಇದೆ. 2007ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಅಬೆಲ್ ಪ್ರಶಸ್ತಿ ಪಡೆದ ಎಸ್.ಆರ್. ಶ್ರೀನಿವಾಸ ವರದನ್ ಅವರ ಪಿಎಚ್.ಡಿ. ಕೋಲ್ಕತ್ತದ ಐಎಸ್‌ಐನಲ್ಲಿ ಆದದ್ದು. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರು ಇಂದಿಗೂ ಪಠ್ಯಗಳಲ್ಲಿರುವ ಕ್ರಾಮೆರ್-ರಾವ್ ಅಸಮಾನತೆಯ (ಅಂದಾಜೊಂದು ಎಷ್ಟು ನಿಖರವಾಗಬಲ್ಲದು ಎಂಬ ಮಿತಿ) 1945ರ ಲೇಖನವನ್ನು ಬರೆದದ್ದು ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆಯುವ ಮೊದಲು, ಕೋಲ್ಕತ್ತದಲ್ಲಿದ್ದಾಗಲೇ.

ಐಎಸ್‌ಐನ ಸಂಶೋಧನಾ ಪ್ರವೇಶಕ್ಕೆ ಲಿಖಿತ ಪರೀಕ್ಷೆ ಮತ್ತು ಸಂದರ್ಶನವಿದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಅದರ ಕೇಂದ್ರದಲ್ಲಿ ಗಣಿತ ಮತ್ತು ಸಂಭವನೀಯತೆಯ ಕಡೆಗೆ ಒಲವು ಹೆಚ್ಚಾದ್ದರಿಂದ ಅನ್ವಯಿಕ ಸಂಖ್ಯಾಶಾಸ್ತ್ರ ಬೇಕೆನ್ನುವವರು ಕೋಲ್ಕತ್ತದ ಕಡೆಗೂ ನೋಡಬೇಕು. ಐಐಟಿ ಕಾನ್ಪುರ, ಐಐಟಿ ಬಾಂಬೆ, ಪುಣೆ ವಿಶ್ವವಿದ್ಯಾಲಯಗಳು ಗಟ್ಟಿಯಾದ ಆಯ್ಕೆಗಳು. ನಿಮ್ಮ ಊರಿನ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಸಂಖ್ಯಾಶಾಸ್ತ್ರ ವಿಭಾಗವಿದೆ. ಸಿಎಸ್‌ಐಆರ್-ಯುಜಿಸಿ ನೆಟ್‌ನ ಗಣಿತ ವಿಜ್ಞಾನ ಪತ್ರಿಕೆಯಲ್ಲಿ ಸಂಖ್ಯಾಶಾಸ್ತ್ರವೂ ಸೇರಿದ್ದು, ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಪಡೆದವರಿಗೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ದೊರೆಯುತ್ತದೆ. 2019ರಿಂದ ಗೇಟ್ ಪರೀಕ್ಷೆಯಲ್ಲಿಯೂ ಸಂಖ್ಯಾಶಾಸ್ತ್ರಕ್ಕೆ ಪ್ರತ್ಯೇಕ ಪತ್ರಿಕೆಯಿದೆ. ಫೆಲೋಶಿಪ್ ಕೈಯಲ್ಲಿದ್ದರೆ ಮಾರ್ಗದರ್ಶಕರನ್ನು ಆರಿಸುವ ಸ್ವಾತಂತ್ರ್ಯವೂ ಹೆಚ್ಚುತ್ತದೆ. ಯುಜಿಸಿಯ 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ವಿದ್ಯಾರ್ಥಿಗಳಿಗೆ ಮಾತ್ರ ಏಕಕಾಲಕ್ಕೆ ಮಾರ್ಗದರ್ಶನ ಮಾಡಬಹುದು. ನೀವು ಬಯಸುವವರ ಬಳಿ ಸ್ಥಾನ ಖಾಲಿಯಿದೆಯೇ ಎಂಬುದನ್ನು ಪ್ರವೇಶ ಪ್ರಕಟಣೆ ಬರುವ ಮೊದಲೇ ಅವರನ್ನು ಕಂಡು ಕೇಳಿಕೊಳ್ಳಿ, ಹಾಗೆಯೇ ಅವರು ಇತ್ತೀಚೆಗೆ ಪ್ರಕಟಿಸಿದ ಎರಡು ಲೇಖನಗಳನ್ನು ಓದಿಕೊಂಡು ಹೋಗಿ.